ಹದುಳವನ್ನು ಹಂಚುವ ಬಗೆ

ಬಾಗಿಲಿಗೆ ಬಂದವರ ಹದುಳವನ್ನು ವಿಚಾರಿಸದ ಸಿರಿವಂತನನ್ನು ಬಸವಣ್ಣನವರು ಒಂದು ವಚನದಲ್ಲಿ ತೀಕ್ಷ್ಣವಾಗಿ ಪ್ರಶ್ನಿಸಿದ್ದಾರೆ. ಹದುಳವೆಂದರೆ ಕ್ಷೇಮ. ಅಲ್ಲಿ ಅದು ಮೊದಲು ಪ್ರಶ್ನೆಯಾಗಿ ಬರುತ್ತದೆ, ಉತ್ತರವು ಅನಂತರದ್ದು. ಹಿರಿಯರು ಕಾಗದದ ತಲೆಯಲ್ಲಿ ‘ಉಭಯ ಕುಶಲೋಪರಿ’ ಎಂದು ಬರೆಯುತ್ತಿದ್ದುದೂ ಇದೇ ಭಾವದಿಂದ. ಕುಶಲವು ಎರಡು ಕಡೆಯದು. ಒಬ್ಬನು ಸಾರಿ ಮುಗಿಸತಕ್ಕದ್ದಲ್ಲ.

ಇಂದು ಕಾಗದದ ಸ್ಥಾನಕ್ಕೆ ಫೇಸ್‌ಬುಕ್, ವಾಟ್ಸ್‌ಆ್ಯಪ್ ಮೊದಲಾದ ಸಾಧನಗಳು ಬಂದಿವೆ. ಇಷ್ಟಲಿಂಗವನ್ನು ಹಿಡಿದು ಪೂಜಿಸುವ ಅಂಗೈಯಲ್ಲಿಯೇ ಫೋನೂ ಕುಳಿತಿದೆ. ಇವು ಭಕ್ತನ ಮನೆಗೆ ತಕ್ಕವೋ ಅಲ್ಲವೋ ಎಂಬುದನ್ನು ಬರಿಯ ಸ್ತುತಿನಿಂದೆಗಳಿಂದ ನಿರ್ಣಯಿಸಲಾಗದು, ಒರೆಗಲ್ಲು ಬೇಕು. ಸೋಮವಾರಪೇಟೆಯ ಸೀಮೆಗೆ ಆ ಒರೆಗಲ್ಲು 2018ರ ಆಗಸ್ಟ್ ತಿಂಗಳಿನಲ್ಲಿ ಒದಗಿತು. ಎಡೆಬಿಡದ ಮಳೆಗೆ ಗುಡ್ಡಗಳು ಜರಿದವು. ಮಡಿಕೇರಿಯಿಂದ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರಗಳ ಮೇಲೆ ಹಾದುಬರುವ ರಸ್ತೆಯು ಹಲವೆಡೆ ಕುಸಿಯಿತು. ಅನೇಕ ಗ್ರಾಮಗಳಲ್ಲಿ ವಿದ್ಯುತ್ತೂ ದೂರವಾಣಿಯೂ ನಿಂತುಹೋದವು. ಜನರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದರು. ದೂರದ ಊರುಗಳಲ್ಲಿದ್ದ ಮಕ್ಕಳಿಗೆ ತಾಯಿತಂದೆಗಳ ದನಿಯೇ ಸಿಗದು; ಮನೆಯೊಂದು ಕುಸಿದುರುಳುವ ದೃಶ್ಯ ಮಾತ್ರ ಫೋನಿನಿಂದ ಫೋನಿಗೆ ಹರಿಯುತ್ತಿತ್ತು.

ಅಂತಹ ಹೊತ್ತಿಗೆಂದೇ ಫೇಸ್‌ಬುಕ್ 2014ರಲ್ಲಿ ಒಂದು ಏರ್ಪಾಡನ್ನು ಆರಂಭಿಸಿತು. ವಿಪತ್ತಿನ ಸೀಮೆಯಲ್ಲಿರುವವನು ಒಂದು ಗುಂಡಿಯೊತ್ತಿ ತಾನು ಸುರಕ್ಷಿತನೆಂದು ಪರಿಚಿತರೆಲ್ಲರಿಗೆ ಒಮ್ಮೆಗೇ ತಿಳಿಸಬಹುದು. ನೂರು ಕರೆಗಳ ಕೆಲಸ ಒಂದರಿಂದ ಆಗುವುದು ಸಣ್ಣ ಗುಣವಲ್ಲ. ಆದರೆ ಗುರುತು ಹಾಕದವನೆಲ್ಲ ಅಪಾಯದಲ್ಲಿದ್ದಾನೆಂದಲ್ಲ. ಫೋನನ್ನೇ ಹಿಡಿಯದ ಅಜ್ಜಿಯ ಹೆಸರು ಆ ಪಟ್ಟಿಯಲ್ಲಿ ಎಂದೂ ಕಾಣದು. ವಾಟ್ಸ್‌ಆ್ಯಪಿನ ಕುಟುಂಬದ ಗುಂಪು ಇದಕ್ಕಿಂತ ಮೇಲು. ಕೇಳಬೇಕಾದವರೇ ಅಲ್ಲಿರುತ್ತಾರೆ, ಮರುಮಾತಿಗೂ ಎಡೆಯಿದೆ. ಅದೇ ಸಾಧನದ ‘ಸ್ಟೇಟಸ್’ ಇಪ್ಪತ್ತನಾಲ್ಕು ತಾಸಿನಲ್ಲಿ ಅಳಿಯುವುದರಿಂದ ಆಪತ್ತಿನ ವಾರ್ತೆಗೆ ನೆಚ್ಚತಕ್ಕದ್ದಲ್ಲ. ಮುಂಜಾನೆಯ ಹೂವಿನ ಚಿತ್ರಗಳಿಗೆ ಅದು ಸಾಕು.

ಮುಂದೂಡುವ ಚಟವೇ ದೊಡ್ಡ ಕೇಡು. ವದಂತಿಗಳ ಹಾವಳಿಯಿಂದಾಗಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೂಡದಂತೆ ಭಾರತದಲ್ಲಿ ಮಿತಿ ಹಾಕುವುದಾಗಿ ವಾಟ್ಸ್‌ಆ್ಯಪ್ ಅದೇ ವರ್ಷದ ಜುಲೈಯಲ್ಲಿ ಪ್ರಕಟಿಸಿತ್ತು. ಯಂತ್ರಕ್ಕೆ ಕಟ್ಟಿದ ಕಡಿವಾಣ ನಾಲಗೆಗೆ ಸಾಲದು. ನುಡಿಗೆ ಲಿಂಗವೇ ಸಾಕ್ಷಿಯೆಂದು ನಂಬಿದವನು ತಾನು ಕಾಣದ ಕುಸಿತವನ್ನು ಕಂಡಂತೆ ಸಾರುವುದೆಂತು? ದಿನಾಂಕವಿಲ್ಲದ ಚಿತ್ರವು ಮರುವರ್ಷದ ಮಳೆಗಾಲದಲ್ಲಿಯೂ ಹೊಸದರಂತೆ ತಿರುಗಾಡಿ, ಯಾರದೋ ಮನೆಯ ತಾಯಿಯನ್ನು ರಾತ್ರಿಯೆಲ್ಲ ಕೂರಿಸಬಲ್ಲುದು. ಊರು, ದಿನ, ಗಂಟೆ, ಜೊತೆಯಲ್ಲಿರುವವರು, ಇಷ್ಟನ್ನು ಬರೆದರೆ ಕ್ಷೇಮವಾರ್ತೆ ಪೂರ್ಣವಾಗುತ್ತದೆ.

ರೋಗದ ವಿಷಯವಂತೂ ಇನ್ನೂ ಸೂಕ್ಷ್ಮ. ಆಸ್ಪತ್ರೆಯ ಮಂಚದ ಮೇಲಿರುವ ಸೊಸೆಯ ಚಿತ್ರವನ್ನು ಅವಳನ್ನು ಕೇಳದೆಯೇ ಊರಿಗೆಲ್ಲ ಕಳುಹಿಸುವುದು ಹದುಳವನ್ನು ಹಂಚಿದಂತಲ್ಲ. ಅವಳ ಮಾನವನ್ನು ಹಂಚಿದಂತೆ. ಅವಳ ಒಪ್ಪಿಗೆಯಿಲ್ಲದೆ ಯಾವ ಗುಂಪೂ ತಕ್ಕ ಗುಂಪಲ್ಲ.

ಪರಿಹಾರ ಕೇಂದ್ರದಲ್ಲಿ ಚಾರ್ಜು ಉಳಿದ ಫೋನುಳ್ಳವನು ಪಕ್ಕದ ನಾಲ್ಕು ಮನೆಯವರ ಹೆಸರನ್ನೂ ಅವರನ್ನು ಕೇಳಿ ಸೇರಿಸಿದರೆ ಅದು ದಾಸೋಹವೇ. ಅತ್ತ ಬೆಂಗಳೂರಿನಲ್ಲಿ ಅದನ್ನು ಓದಿದವನು ಹೆಬ್ಬೆರಳಿನ ಚಿಹ್ನೆಯೊಂದನ್ನು ಒತ್ತಿ ಸುಮ್ಮನಾಗದೆ, ಏನು ಬೇಕೆಂದು ಮರಳಿ ಕೇಳಬೇಕು. ದಾರಿ ತೆರೆದ ದಿನ ಬಸ್ಸು ಹತ್ತಬೇಕು.