ಇಪ್ಪತ್ತು ಮನೆಗಳ ಕೂಟ

ದೊಡ್ಡ ಸಭೆಯಲ್ಲಿ ಕುಳಿತು ಪ್ರಾರ್ಥಿಸುವವನಿಗೆ ಒಂದು ಸೌಕರ್ಯವುಂಟು. ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಬಂದ, ಮೊಣಕಾಲೂರಿದ, ಕಾಣಿಕೆ ಹಾಕಿದ, ಹೋದ. ಮುಂದಿನ ಭಾನುವಾರ ಅವನು ಬಾರದಿದ್ದರೆ ಅದೂ ಯಾರ ಗಮನಕ್ಕೂ ಬರುವುದಿಲ್ಲ. ಮೊದಲನೆಯ ಸೌಕರ್ಯಕ್ಕೆ ತೆರಬೇಕಾದ ಬೆಲೆ ಈ ಎರಡನೆಯದು. ಹಾಗಾದರೆ ಒಂದು ಧರ್ಮಸಮುದಾಯಕ್ಕೆ ಸೇರಿದವರೆಂದು ಹೇಳಿಕೊಳ್ಳುವಾಗ ನಾವು ಸೇರಿರುವುದು ಯಾವುದಕ್ಕೆ? ಕಟ್ಟಡಕ್ಕೋ, ಮತಕ್ಕೋ, ನಮ್ಮ ಹೆಸರು ಬಲ್ಲ ಹತ್ತಾರು ಜನಕ್ಕೋ?

ಕೊಚ್ಚಿಗೆ ಹೋದವರೆಲ್ಲ ತಪ್ಪದೆ ನೋಡಿಬರುವ ಸಂತ ಫ್ರಾನ್ಸಿಸರ ಇಗರ್ಜಿಯನ್ನೇ ತೆಗೆದುಕೊಳ್ಳೋಣ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೊ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲಿಯೇ. ಪೋರ್ಚುಗೀಸರು ಕಟ್ಟಿಸಿದ ಈ ಕಥೋಲಿಕ ಇಗರ್ಜಿ 1663ರಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದ ಮೇಲೆ ಪ್ರೊಟೆಸ್ಟೆಂಟರದಾಯಿತು. ಇಂಗ್ಲಿಷರು ಬಂದ ಬಳಿಕ ಆಂಗ್ಲಿಕನ್ನರ ಕೈಸೇರಿತು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅದರ ಪಾಲಿಗೆ ಬಂತು. ಗೋಡೆಗಳು ಅವೇ, ಒಡೆಯರು ಮಾತ್ರ ನಾಲ್ಕು ಬಗೆ. ಆದರೆ ಅದೇ ಕೊಚ್ಚಿಯಲ್ಲಿ, ಅದರ ಆಚೆಯ ಎರ್ನಾಕುಳಂನಲ್ಲಿ, ಪ್ರವಾಸಿಗರ ಕಣ್ಣಿಗೆ ಬೀಳದ ಇನ್ನೊಂದು ಸಭಾಜೀವನವಿದೆ. ಇಗರ್ಜಿಯ ವ್ಯಾಪ್ತಿಯನ್ನು ಇಪ್ಪತ್ತು ಮೂವತ್ತು ಮನೆಗಳಂತೆ ಹಂಚಿ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಕಥೋಲಿಕರು ಇದನ್ನು ಕುಟುಂಬ ಕೂಟ್ಟಾಯ್ಮ ಎನ್ನುತ್ತಾರೆ. ಮಾರ್ತೋಮಾ ಸಭೆಯವರಲ್ಲಿ ಪ್ರಾರ್ಥನಾ ಯೋಗ. ಒಂದು ಕೀರ್ತನೆ, ಒಂದು ಪಾಠ, ಕೊನೆಗೆ ಚಹಾ. ನಮ್ಮ ಮಂಗಳೂರಿನ ಕಥೋಲಿಕರಿಗೆ ಇದರಲ್ಲಿ ಹೊಸತೇನೂ ಕಾಣದು. ಅವರ ವಾಳೆ, ಅದರ ಗುರ್ಕಾರ್, ಇವೆಲ್ಲ ಹಳೆಯ ಏರ್ಪಾಡುಗಳೇ.

ಮೂಲವನ್ನು ಹುಡುಕಿದರೆ ಇದು ಇನ್ನೂ ಹಳೆಯದು. ಮೊದಲ ಶತಮಾನದ ಕ್ರೈಸ್ತರಿಗೆ ಇಗರ್ಜಿಗಳೇ ಇರಲಿಲ್ಲ. ಡೇರೆ ಹೊಲಿದು ಬದುಕುತ್ತಿದ್ದ ಅಕ್ವಿಲ ಮತ್ತು ಪ್ರಿಸ್ಕ ದಂಪತಿಗಳ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ಪೌಲನು ತನ್ನ ಪತ್ರದಲ್ಲಿ ವಂದನೆ ಕಳುಹಿಸುತ್ತಾನೆ. ಇಂಗ್ಲೆಂಡಿನ ಜಾನ್ ವೆಸ್ಲಿಯ ಕಥೆ ಇನ್ನೂ ಸ್ವಾರಸ್ಯಕರ. 1742ರಲ್ಲಿ ಬ್ರಿಸ್ಟಲ್ಲಿನ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಾಗಿತ್ತು. ಹನ್ನೆರಡು ಮಂದಿಗೆ ಒಂದು ಗುಂಪು ಮಾಡಿ, ಒಬ್ಬ ಮುಖಂಡನು ವಾರಕ್ಕೊಂದು ಪೆನ್ನಿಯನ್ನು ಮನೆಮನೆಗೆ ಹೋಗಿ ಎತ್ತುವುದೆಂದು ಗೊತ್ತಾಯಿತು. ಹಾಗೆ ಹೋದವರಿಗೆ ಕಾಸಿನ ಜೊತೆ ಇನ್ನೊಂದೂ ಸಿಕ್ಕಿತು: ಯಾವ ಮನೆಯಲ್ಲಿ ಕುಡಿತ, ಯಾವ ಮನೆಯಲ್ಲಿ ಕಲಹ ಎಂಬುದು ಕಣ್ಣಿಗೆ ಬಿತ್ತು. ಸಾಲವಸೂಲಿಯ ಏರ್ಪಾಡು ಆತ್ಮಪಾಲನೆಯ ಏರ್ಪಾಡಾಯಿತು. ದೊಡ್ಡ ತತ್ತ್ವದಿಂದಲೇ ಒಳ್ಳೆಯದು ಹುಟ್ಟಬೇಕೆಂಬ ನಿಯಮವೇನೂ ಇಲ್ಲವಷ್ಟೆ!

ನಮ್ಮ ಎಣಿಕೆಯಲ್ಲಿ ಈ ಕೂಟಗಳ ಮುಖ್ಯ ಗುಣ ಪ್ರಾರ್ಥನೆಯ ತೀವ್ರತೆಯಲ್ಲ, ಯಾರು ಬಂದಿಲ್ಲವೆಂದು ತಿಳಿಯುವ ಶಕ್ತಿ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡ ಕಥೆಯನ್ನು ಎಲ್ಲರೂ ಬಲ್ಲರು. ಕುರುಬನ ಕರುಣೆಯನ್ನು ಎಲ್ಲರೂ ಹೊಗಳುತ್ತಾರೆ. ಅವನು ಎಣಿಸಿದ್ದನೆಂಬುದನ್ನು ಮರೆಯುತ್ತಾರೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ತಿರುವನಂತಪುರದ ಕಡಲಂಚಿನ ಪೂಂದುರ, ವಿಳಿಂಜಂಗಳ ಬೆಸ್ತರು ಸಮುದ್ರದಲ್ಲಿದ್ದರು. ಕಾಣೆಯಾದವರ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಲ್ಯಾಟಿನ್ ಕಥೋಲಿಕ ಸಭೆಯ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಸಭೆಯ ಪಟ್ಟಿ ಉದ್ದವಾಗಿತ್ತು. ಅಂಥ ಊರುಗಳಲ್ಲಿ ಯಾರ ದೋಣಿ ಹತ್ತಿ ಯಾರು ಹೋದರೆಂಬುದು ಕಚೇರಿಯ ದಾಖಲೆಗಿಂತ ಮೊದಲು ಪಕ್ಕದ ಮನೆಗೆ ತಿಳಿದಿರುತ್ತದೆ. ಮನುಷ್ಯನೊಬ್ಬ ಲೆಕ್ಕಕ್ಕೆ ಸಿಗುವುದು ಅವನ ದಾರಿ ಕಾಯುವವರಿದ್ದಾಗಲೇ.

ಇನ್ನು ಆಕ್ಷೇಪಣೆಗಳು. ಚಿಕ್ಕ ಕೂಟ ಬೇಗನೆ ಗುಂಪಾಗುತ್ತದೆ. ಮನಸ್ಸಿಗೆ ಒಗ್ಗುವವರನ್ನು ಆರಿಸಿಕೊಂಡು ಸೇರುವ ಬೈಬಲ್ ಅಧ್ಯಯನ ಕೂಟಗಳಿಗೆ ಈ ಅಪಾಯ ಹೆಚ್ಚು. ಒಂದೇ ಓದು, ಒಂದೇ ಸಂಬಳ, ಒಂದೇ ಕುಲ; ಕೇರಳದ ಕ್ರೈಸ್ತರಲ್ಲೂ ಕುಲಭೇದ ಅಳಿದಿಲ್ಲವೆಂಬುದು ಗುಟ್ಟೇನಲ್ಲ. ಆದ್ದರಿಂದ ಬೀದಿಯ ಗಡಿ ನೋಡಿ ಮಾಡಿದ ಕೂಟವೇ ಮೇಲೆಂದು ನಮ್ಮ ಅಭಿಪ್ರಾಯ. ಅಲ್ಲಿ ನಮ್ಮೆದುರು ಕೂರುವವನನ್ನು ನಾವು ಆರಿಸಿದ್ದಿಲ್ಲ. ಕಾಂಪೌಂಡಿನ ಗೋಡೆಗಾಗಿ ಜಗಳವಾಡಿದವನೂ ಬಂದಿರುತ್ತಾನೆ. ಅವನ ಮನೆಯ ಚಹಾ ಕುಡಿಯಬೇಕು. ಬೀದಿಗಳೇ ಸಂಬಳಕ್ಕೆ ತಕ್ಕಂತೆ ವಿಂಗಡವಾಗಿರುವಾಗ, ಕಾಕ್ಕನಾಡಿನ ಎತ್ತರದ ಫ್ಲ್ಯಾಟುಗಳಲ್ಲಿ ಎಂಥ ಕೂಟ ಕೂಡೀತೆಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಭಾನುವಾರದ ದೊಡ್ಡ ಸಭೆಯೂ ಬೇಕು. ಅಲ್ಲಿ ಬೇರೆ ಬೀದಿಯವನು ಒಂದೇ ಪಾತ್ರೆಯ ಮುಂದೆ ಬಂದು ನಿಲ್ಲುತ್ತಾನೆ. ಆದರೆ ನಿಕಟತೆಯೇ ಸಂಕುಚಿತತೆ ಎನ್ನುವವರು 2018ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಮಹಾಪ್ರವಾಹದಲ್ಲಿ ಚೆಂಗನ್ನೂರು ಮುಳುಗಿದಾಗ ಲಾರಿಗಳ ಮೇಲೆ ದೋಣಿ ಹೇರಿಕೊಂಡು ಬಂದವರಲ್ಲಿ ಈ ತಿರುವನಂತಪುರದ ಬೆಸ್ತರೂ ಇದ್ದರು. ಓಖಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಅವರು ದೋಣಿಗೆ ಹತ್ತಿಸಿಕೊಂಡದ್ದು ಮುಖ ಕಂಡರಿಯದವರನ್ನು. ಕೂಟಗಳಿಂದಲೇ ಇದಾಯಿತೆಂದು ನಾವು ಹೇಳಲಾರೆವು. ತಮ್ಮವರನ್ನು ಎಣಿಸಿ ಬಲ್ಲವರು ಪರರಿಗೆ ಕುರುಡಾಗಲಿಲ್ಲವೆಂದಷ್ಟೇ ಹೇಳಬಲ್ಲೆವು.

ಎರಡನೆಯ ಆಕ್ಷೇಪಣೆ ಹೆಚ್ಚು ಕಠಿಣ. ಮನೆಯೊಳಗೆ ಬಂದ ಸ್ನೇಹಕ್ಕೆ ಕಣ್ಣೂ ಇದೆ, ನಾಲಿಗೆಯೂ ಇದೆ. ಮಗನ ಕುಡಿತ ಬಿಡಲೆಂದು ತಾಯೊಬ್ಬಳು ಪ್ರಾರ್ಥನೆ ಬೇಡಿದ್ದು ಮಾರನೆಯ ದಿನ ಮೀನಿನಂಗಡಿಯ ಮಾತಾದರೆ, ಆಕೆ ಮತ್ತೆ ಬಾಯಿ ಬಿಡುವಳೇ? ಕೂಟ ನಡೆಸುವವನು ಪಾಠ ಓದಲು ಬಲ್ಲನೋ ಇಲ್ಲವೋ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲವನಾಗಿರಬೇಕು. ಆರಿಸುವಾಗ ನೋಡಬೇಕಾದ್ದು ಇದನ್ನೇ, ನೋಡುವುದು ಕಂಠವನ್ನು.

ಬರಲೊಲ್ಲದವನೂ ಇದ್ದಾನೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಹೋಗುವುದು ಅವನಿಗೆ ಸಾಕು. ಬಹುಶಃ ದುಃಖವಿದೆ, ಬಹುಶಃ ಏನೂ ಇಲ್ಲ, ಜನರೆಂದರೆ ಆಗದು. ಅವನನ್ನು ಎಳೆತರುವ ಹಕ್ಕು ಯಾವ ಕೂಟಕ್ಕೂ ಇಲ್ಲ. ಎರಡು ಭಾನುವಾರ ಆ ಬೆಂಚು ಖಾಲಿಯಿದ್ದರೆ ಮಾತ್ರ ಪಕ್ಕದ ಮನೆಯವರು ಒಂದು ಪಾತ್ರೆ ಗಂಜಿಯೊಡನೆ ಬಾಗಿಲು ತಟ್ಟಲಿ, ಯಾಕೆ ಬರಲಿಲ್ಲವೆಂದು ಕೇಳದೆ ಜ್ವರವಿದೆಯೇ ಎಂದು ವಿಚಾರಿಸಿ ಹಿಂತಿರುಗಲಿ.