ಮುಳುಗಿದ ಡಾಬು ಯಾರದು?

ಅಮೆರಿಕದ ನವಾಹೋ ಜನರ ಹಳೆಯ ಬೆಳ್ಳಿ ಡಾಬನ್ನು ಮಾರುವವರು ಅದಕ್ಕೆ 'ಹಳೇ ಗಿರವಿ' ಎಂದು ಹೆಸರು ಹಚ್ಚುತ್ತಾರೆ. ಹೊಗಳಿಕೆಗಂತಲೇ ಹಚ್ಚುತ್ತಾರೆ. ಗಿರವಿ ಅಂದರೇನು ಅಂತ ಈ ಪತ್ರಿಕೆ ಓದುವವರಿಗೆ ಹೇಳಿಕೊಡಬೇಕಾಗಿಲ್ಲ. ಒಬ್ಬರ ಮನೆಯ ಒಡವೆ ಸಾಲಕ್ಕೆ ಮುಳುಗಿದ್ದು ಇನ್ನೊಬ್ಬರಿಗೆ ಹೆಗ್ಗಳಿಕೆ ಆಗೋದು ಹೇಗೆ? ನಾವು ಕೇಳಬೇಕಾದ ಪ್ರಶ್ನೆ ಇದು.

ತೊಗಲಿನ ಪಟ್ಟಿಗೆ ಸಾಲಾಗಿ ಪೋಣಿಸಿದ ದೊಡ್ಡ ದೊಡ್ಡ ಬೆಳ್ಳಿ ಬಿಲ್ಲೆಗಳು, ಇಷ್ಟೇ ಈ ಡಾಬು. ಸ್ಪ್ಯಾನಿಷ್‌ನಲ್ಲಿ ಕೊಂಚಾ ಎಂದರೆ ಚಿಪ್ಪು. ಅದಕ್ಕೇ ಕೊಂಚಾ ಡಾಬು. ಹತ್ತೊಂಬತ್ತನೇ ಶತಮಾನದಲ್ಲಿ ಮೆಕ್ಸಿಕೋದ ಕುಶಲಕರ್ಮಿಗಳಿಂದ ಲೋಹದ ಕೆಲಸ ಕಲಿತ ನವಾಹೋಗಳು ಬೆಳ್ಳಿ ನಾಣ್ಯಗಳನ್ನೇ ಕರಗಿಸಿ, ಬಡಿದು ಬಿಲ್ಲೆ ಮಾಡಿದರು. ಮೊದಮೊದಲು ಬಿಲ್ಲೆಯ ನಡುವಿನ ತೂತಿನೊಳಗೆ ತೊಗಲು ಹಾದು ಬರುತ್ತಿತ್ತು. ಬೆಸುಗೆ ಕಲಿತ ಮೇಲೆ ಹಿಂದುಗಡೆ ತಾಮ್ರದ ಕೊಂಡಿ ಬಂತು, ತೂತು ಮುಚ್ಚಿತು.

ಅದು ಬರೀ ಸಿಂಗಾರ ಅಂದುಕೊಳ್ಳಬೇಡಿ. 1863-64ರಲ್ಲಿ ಕಿಟ್ ಕಾರ್ಸನ್ ನಡೆಸಿದ ದಾಳಿಯಲ್ಲಿ ಅಮೆರಿಕದ ಸೈನ್ಯ ಅವರ ಹೊಲ ಸುಟ್ಟಿತು, ಪೀಚ್ ತೋಪು ಕಡಿಯಿತು, ಕುರಿ ಕೊಂದಿತು. ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿ ಬೋಸ್ಕ್ ರೆಡೊಂಡೋದಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ನೆಲಕ್ಕೆ ಮರಳಿದವರಿಗೆ ಮೈಮೇಲಿನ ಬೆಳ್ಳಿಯೇ ಮಾನವಾಯ್ತು, ಉಳಿತಾಯವೂ ಆಯ್ತು.

ಆಮೇಲೆ ವ್ಯಾಪಾರಿ ಬಂದ. ಉಣ್ಣೆ ಕತ್ತರಿಸೋ ಕಾಲ ಬರೋತನಕ ಹಿಟ್ಟು, ಕಾಫಿ, ಸಕ್ಕರೆಗೆ ಡಾಬು ಅಡವು. ಇದ್ದದ್ದು ಇದ್ದಂಗೆ ಹೇಳೋಣ: ಕೆಲವು ವ್ಯಾಪಾರಿಗಳು ವಾಯಿದೆ ಮೀರಿದರೂ ಕಾದರು, ಆಚರಣೆಗೆ ಬೇಕೆಂದರೆ ಒಡವೆಯನ್ನು ಕೊಟ್ಟು ಕಳಿಸಿದರು. ಅಲ್ಲೇ ಭದ್ರ ಅಂತ ಇಟ್ಟವರೂ ಇದ್ದರು. ಆದರೆ ತಕ್ಕಡಿ, ಲೆಕ್ಕದ ಪುಸ್ತಕ ಎರಡೂ ಅವನ ಕೈಲೇ ಇದ್ದವು. 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಸರ್ಕಾರವೇ ಅವರ ಕುರಿಗಳನ್ನು ಕಡಿಮೆ ಮಾಡಿಸಿತು. ಕುರಿಯೇ ಹೋದ ಮೇಲೆ ಒಡವೆ ಬಿಡಿಸಿಕೊಳ್ಳೋದು ಯಾವುದರಿಂದ?

ವಾಯಿದೆ ತೀರಿದ್ದನ್ನು ದುಡ್ಡು ಕೊಟ್ಟು ಕೊಂಡೆವು, ತಪ್ಪೇನು ಅನ್ನುತ್ತಾರೆ. ಒಪ್ಪಿ ಇಟ್ಟರೋ ಇಲ್ಲವೋ ಅಂತ ಕಾನೂನು ಕೇಳುತ್ತದೆ. ಒಪ್ಪುವ ಹೊತ್ತಿಗೆ ಮನೆಯಲ್ಲಿ ಹಿಟ್ಟಿತ್ತೇ ಅಂತ ನೀತಿ ಕೇಳಬೇಕು. ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರುವುದು 1990ರ ಕಾಯಿದೆಯಂತೆ ಅಪರಾಧ. ಒಳ್ಳೇದೇ ಆಯ್ತು. ಆದರೆ ಆ ಹಳೆಯ ಡಾಬುಗಳ ಮೇಲೆ ಸಾಮಾನ್ಯವಾಗಿ ಮಾಡಿದವನ ಗುರುತೂ ಇಲ್ಲ. ಹೆಸರು ಹೋಯ್ತು, ಒಡವೆ ಹೋಯ್ತು. ಕೊನೆಗೆ ಕಳಕೊಂಡ ಸಂಕಟವನ್ನೂ ಬೆಲೆಗೆ ಸೇರಿಸಿ ಮಾರಿದರು. ಆ ದುಡ್ಡು ಕಳಕೊಂಡವರ ಮನೆಗೆ ಬರಲಿಲ್ಲ.

ಚೆಲುವು ಬೇಡ ಅಂತ ನಾವು ಹೇಳುತ್ತಿಲ್ಲ. ನವಾಹೋ ಅಕ್ಕಸಾಲಿಗಳು ಇವತ್ತಿಗೂ ಬಿಲ್ಲೆ ಬಡಿಯುತ್ತಾರೆ. ಆಚರಣೆಯ ದಿನ ಅವರ ಜನ ಡಾಬು ಕಟ್ಟಿಕೊಂಡೇ ನಿಲ್ಲುತ್ತಾರೆ. ಅದರ ನಿಜವಾದ ಜಾಗ ಆ ಸೊಂಟ. ಗಾಜಿನ ಪೆಟ್ಟಿಗೆಯೊಳಗಿನ ಡಾಬಿನ ಮುಂದೆ ನಿಂತಾಗ ಇದು ಎಷ್ಟು ವರ್ಷ ಹಳೇದು ಅಂತ ಕೇಳೋ ಮೊದಲು, ಎಷ್ಟು ಸೇರು ಹಿಟ್ಟಿಗೆ ಹೋಯ್ತು ಅಂತ ಕೇಳೋಣ.