ಕಾಯಿಲೆಯ ಹೆಸರು ಯಾರಿಗೆ ಗೊತ್ತಿರಬೇಕು?

ಕೊಡಗಿನ ಮನೆಯೊಂದಕ್ಕೆ ಕ್ಯಾನ್ಸರ್ ಬಂದರೆ ಹೆಚ್ಚಿನವರು ಊರು ಬಿಡಬೇಕಾಗುತ್ತದೆ. ಮೈಸೂರಿಗೆ, ಬೆಂಗಳೂರಿನ ಕಿದ್ವಾಯಿಗೆ, ವಿರಾಜಪೇಟೆ ಕಡೆಯವರಾದರೆ ಮಾಕುಟ್ಟದ ಘಟ್ಟ ಇಳಿದು ತಲಶ್ಶೇರಿಗೆ. ಜೊತೆಗೊಂದು ಗುಟ್ಟೂ ಹೊರಡುತ್ತದೆ. ಫೈಲು ಮಗನ ಕೈಯಲ್ಲಿ, ವರದಿ ಅಳಿಯನ ಮೊಬೈಲಿನಲ್ಲಿ. ಕಾಯಿಲೆಯ ಹೆಸರು ಗೊತ್ತಿಲ್ಲದಿರುವುದು ಕಾಯಿಲೆ ಬಂದವರಿಗೆ ಮಾತ್ರ. ವಾರ್ಡಿನ ಹೊರಗೆ ವೈದ್ಯರನ್ನು ತಡೆದು "ಅಬ್ಬನಿಗೆ ಹೇಳಬೇಡಿ ಡಾಕ್ಟ್ರೇ" ಎನ್ನುವ ಮಗನೂ "ಅವ್ವನಿಗೆ ಗೊತ್ತಾಗಬಾರದು" ಎನ್ನುವ ಮಗಳೂ ಪ್ರೀತಿಯಿಂದಲೇ ಹಾಗೆನ್ನುತ್ತಾರೆ. ಪ್ರೀತಿಗೆ ಆ ಅಧಿಕಾರವಿದೆಯೇ?

ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ವೈದ್ಯರು ಪ್ಯಾಲಿಯೇಟಿವ್ ಕೇರ್ ತಂಡವನ್ನು ಕರೆಸಿದರೆ ಮನೆಯವರು ಬೆದರುತ್ತಾರೆ, ಇನ್ನು ಕೈಬಿಟ್ಟರು ಎಂದು. ಹಾಗಲ್ಲ. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಉಲ್ಬಣಿಸಿದ 151 ಮಂದಿಯಿದ್ದರು. ಚಿಕಿತ್ಸೆಯ ಜೊತೆಗೇ ಮೊದಲಿನಿಂದಲೂ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು; ಉಳಿದವರಿಗಿಂತ ಸುಮಾರು ಎರಡೂವರೆ ತಿಂಗಳು ಹೆಚ್ಚೇ ಬದುಕಿದರು.

ಈ ತಂಡ ಮೊದಲು ವಿಚಾರಿಸುವುದು ನೋವನ್ನು. ಎಲ್ಲಿ, ಎಷ್ಟು, ರಾತ್ರಿ ನಿದ್ದೆಯುಂಟೇ? ಅಗತ್ಯವಿದ್ದರೆ ಮಾರ್ಫಿನ್ ಕೊಡುತ್ತದೆ. (1985ರ ಮಾದಕವಸ್ತು ಕಾಯ್ದೆಯ ಬಿಗಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು, 2014ರ ತಿದ್ದುಪಡಿ ಗಂಟನ್ನು ಸಡಿಲಿಸಿತು.) ಆಮೇಲಿನ ಪ್ರಶ್ನೆ: ನಿಮ್ಮ ಕಾಯಿಲೆಯ ಬಗ್ಗೆ ನಿಮಗೇನು ಗೊತ್ತು, ಇನ್ನೆಷ್ಟು ತಿಳಿಯಬೇಕೆನಿಸುತ್ತದೆ? ಸತ್ಯವನ್ನು ಮುಖಕ್ಕೆ ಎರಚುವ ಕ್ರೌರ್ಯ ಇದರಲ್ಲಿಲ್ಲ. "ನನಗೇನೂ ಬೇಡ, ಮಗನಿಗೆ ಹೇಳಿ" ಎಂದರೆ ಅದೂ ರೋಗಿಯದೇ ತೀರ್ಮಾನ, ಮಗ ತಾನಾಗಿ ಕೈಗೆತ್ತಿಕೊಂಡದ್ದಲ್ಲ.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್, ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದು ಎಂದು ಕಂಡವರು. ಗುಟ್ಟೂ ಅಂಥದೊಂದು ನೋವು. ನೆಂಟರು ಸಾಲುಗಟ್ಟಿ ಬರತೊಡಗಿದಾಗಲೇ ರೋಗಿಗೆ ಊಹೆಯಾಗುತ್ತದೆ. ಮಕ್ಕಳ ಸಮಾಧಾನಕ್ಕಾಗಿ ಆತನೂ ಏನೂ ಗೊತ್ತಿಲ್ಲದವನಂತೆ ನಟಿಸುತ್ತಾನೆ.

ಜನಾಜಾದ ಮುಂದೆ ನಿಂತ ಮಗ, "ನಮ್ಮ ತಂದೆ ಯಾರಿಗಾದರೂ ಕೊಡಬೇಕಾದದ್ದಿದ್ದರೆ ನನ್ನನ್ನು ಕೇಳಿ, ತಪ್ಪು ಮಾಡಿದ್ದರೆ ಮಾಫ್ ಮಾಡಿ" ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಸಾಲ ಯಾರದೆಂದು ತಂದೆಗೆ ಗೊತ್ತಿತ್ತು. ಮಾತುಬಿಟ್ಟ ತಮ್ಮನನ್ನು ಕರೆಸಿಕೊಳ್ಳಲು, ವಸಿಯ್ಯತ್ ಬರೆಸಲು ಆತನಿಗೆ ಸಮಯವೂ ಇತ್ತು. ಸಮಯ ಎಷ್ಟಿದೆಯೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವುದನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಆದರೆ ಕಾಯಿಲೆಯೇ ಗೊತ್ತಿಲ್ಲದವರು ಏನೆಂದು ಬರೆದಾರು? ವೆಂಟಿಲೇಟರ್ ಸಾಕು, ಸೋಮವಾರಪೇಟೆಯ ಮನೆಗೆ ಕರೆದೊಯ್ಯಿರಿ ಎನ್ನಲಾದರೂ, ಮೊದಲು ಅವರೊಡನೆ ಯಾರಾದರೂ ಮಾತಾಡಿರಬೇಕು.